ಎರಡರಲ್ಲಿ ಒಂದು ಪಾಲು

"ನಿಮ್ಮ ಬಳೆ ಸ್ವಲ್ಪ ಕೊಡ್ತೀರಾ?"

ಕಾಲೇಜಿಗೆ ಬಂದು ಮೂರೇ ದಿನವಾಗಿದ್ದ ಹೊಸ ಲೆಕ್ಚರರು ಹೀಗೆ ಕೇಳಿದಾಗ ಕಮಲಾಕ್ಷಿ ಕಪ್ಪೆಗಳನ್ನು ಅದ್ದಿಟ್ಟ ಜಾಡಿಗಳ ಧೂಳು ಒರೆಸುತ್ತಿದ್ದಳು. ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅವರಿಬ್ಬರನ್ನು ಬಿಟ್ಟರೆ ಮತ್ತಾರೂ ಇರಲಿಲ್ಲ. ಅವಳು ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ತಿರುಗಿದಳು.

"ಏನಂದ್ರಿ?"

"ಬಳೆ. ಒಂದು ಆರಿದ್ರೆ ಸಾಕು. ಗಂಟೆ ಹೊಡೆದ ಮೇಲೆ ವಾಪಸ್ ಕೊಡ್ತೀನಿ."

"ನಾನು ಪ್ರಿನ್ಸಿಪಾಲರ ಹತ್ತಿರ ಹೋಗ್ತೀನಿ."

"ಹೋಗಿ. ಆದ್ರೆ ಅವರು ಬಳೆ ಹಾಕ್ಕೊಳ್ಳೋಲ್ಲವಲ್ಲ."

ಅವನು ಚೇಷ್ಟೆ ಮಾಡುತ್ತಿಲ್ಲವೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವನು ಹೆಗಲ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದ. ಇಪ್ಪತ್ತು ಖಾಲಿ ಬೆಂಕಿಪೊಟ್ಟಣ ಉದುರಿದವು.

"ವಂಶದ ನಕ್ಷೇಲಿ ಚೌಕ ಅಂದ್ರೆ ಗಂಡು, ವೃತ್ತ ಅಂದ್ರೆ ಹೆಣ್ಣು ಅಲ್ವಾ? ಬೋರ್ಡ್ ಮೇಲೆ ಬರೆದ್ರೆ ಹುಡುಗರು ತೂಕಡಿಸ್ತಾರೆ. ನೆಲದ ಮೇಲೆ ಜೋಡಿಸಿದ್ರೆ ಎದ್ದು ಬಂದು ನೋಡ್ತಾರೆ. ಗಂಡಸರಿಗೆ ಬೆಂಕಿಪೊಟ್ಟಣ ಸಿಕ್ತು. ಹೆಂಗಸರಿಗೇ ಏನೂ ಸಿಗಲಿಲ್ಲ."

ಕಮಲಾಕ್ಷಿ ಆ ಕೈಯಿಂದ ಮೂರು, ಈ ಕೈಯಿಂದ ಮೂರು ಹಸಿರು ಬಳೆ ಕಳಚಿಟ್ಟಳು. ಒಂದು ಬಳೆ ಗೆಣ್ಣಿನ ಹತ್ತಿರ ತಡೆದು ಸತಾಯಿಸಿತು. ಅವನು ಅಷ್ಟು ಹೊತ್ತೂ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಅದನ್ನು ಅವಳು ಗಮನಿಸಿದಳು.

1956ರ ಜುಲೈ ತಿಂಗಳು ಅದು. ರಾಜಾಜಿನಗರವೆಂದರೆ ಆಗ ಸುಣ್ಣದ ವಾಸನೆ ಇನ್ನೂ ಆರದ ಮನೆಗಳು, ಹೆಸರಿಲ್ಲದ ರಸ್ತೆಗಳು, ನಡುನಡುವೆ ಉಳಿದುಕೊಂಡ ರಾಗಿ ಹೊಲಗಳು. ಮಾಗಡಿ ರಸ್ತೆಯ ಹತ್ತಿರ ಹೊಸದಾಗಿ ತೆರೆದಿದ್ದ ಸರ್ಕಾರಿ ಇಂಟರ್‌ಮೀಡಿಯೆಟ್ ಕಾಲೇಜಿನಲ್ಲಿ ಕಮಲಾಕ್ಷಿ ಡೆಮಾನ್‌ಸ್ಟ್ರೇಟರ್ ಆಗಿದ್ದಳು. ದಾವಣಗೆರೆ ಕಡೆಯವಳು. ತಂದೆ ಗಂಗಾಧರಯ್ಯ ತೀರಿಕೊಂಡ ಮೇಲೆ ತಾಯಿ ಶಾಂತವ್ವ ಮತ್ತು ತಂಗಿ ಕಲ್ಯಾಣಿಯನ್ನು ಕರೆದುಕೊಂಡು ಬಂದು ಇಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದಳು. ವಯಸ್ಸು ಇಪ್ಪತ್ತೈದು. ಯಾರಾದರೂ ಮದುವೆಯ ಮಾತೆತ್ತಿದರೆ, "ಮೊದಲು ಕಲ್ಯಾಣೀದಾಗಲಿ" ಎಂದು ಬೇರೆ ಕೆಲಸಕ್ಕೆ ಏಳುತ್ತಿದ್ದಳು.

ಬಳೆ ಕೇಳಿದ ಕೆಂಪಯ್ಯ ಮಾರೇನಹಳ್ಳಿಯ ರೈತರ ಮನೆಯವನು. ಆ ಊರಿನಲ್ಲಿ ಎಂ.ಎಸ್ಸಿ. ಓದಿದ ಮೊದಲನೆಯವನು. ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕಿ, ಸೈಕಲ್ ತುಳಿದುಕೊಂಡು ಬಂದು, ಪ್ಯಾಂಟಿನ ಕಾಲಿಗೆ ಸಿಕ್ಕಿಸಿದ ಕ್ಲಿಪ್ಪನ್ನು ತೆಗೆಯುವುದು ಮರೆತು ಪಾಠಕ್ಕೆ ನಿಲ್ಲುತ್ತಿದ್ದ.

ಪುಸ್ತಕದಲ್ಲಿದ್ದುದು ಬಟಾಣಿ ಗಿಡದ ಪಾಠ. ಅದನ್ನು ಅವನು ಒಂದೇ ದಿನದಲ್ಲಿ ಮುಗಿಸಿದ. "ಬಟಾಣಿ ವಿಷಯ ಬಟಾಣಿಗಳು ಓದ್ಕೊಳ್ಳಲಿ. ನೀವು ನಿಮ್ಮ ಕಿವಿ ಮುಟ್ಟಿ ನೋಡ್ಕೊಳ್ಳಿ. ಕೆಳಗಿನ ಹಾಲೆ ಕೆನ್ನೆಗೆ ಅಂಟಿದೆಯಾ, ಬಿಡಿಯಾಗಿ ತೂಗ್ತಾ ಇದೆಯಾ? ಮನೆಗೆ ಹೋಗಿ ಅಪ್ಪಂದು ನೋಡಿ, ಅಜ್ಜೀದು ನೋಡಿ, ಬರ್ಕೊಂಡು ಬನ್ನಿ." ಇನ್ನೊಂದು ದಿನ ನಾಲಿಗೆಯನ್ನು ಕೊಳವೆಯಂತೆ ಸುರುಳಿ ಸುತ್ತಲು ಯಾರಿಗೆ ಬರುತ್ತದೆಂದು ಕೇಳಿದ. ಅರವತ್ತು ಮಂದಿ ನಾಲಿಗೆ ಚಾಚಿ ಕೂತಿದ್ದಾಗ ಪ್ರಿನ್ಸಿಪಾಲರು ಬಾಗಿಲಲ್ಲಿ ಬಂದು ನಿಂತರು. ಕೆಂಪಯ್ಯ ತನ್ನ ನಾಲಿಗೆಯನ್ನು ಒಳಗೆಳೆದುಕೊಂಡು, "ಹೆರೆಡಿಟಿ, ಸಾರ್" ಎಂದ. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಕಮಲಾಕ್ಷಿಯ ನಾಲಿಗೆಯೂ ಹೊರಗೇ ಇತ್ತು. ಅವನು ಅದನ್ನು ನೋಡಿಬಿಟ್ಟಿದ್ದ. ಆ ದಿನವೆಲ್ಲ ಅವರಿಬ್ಬರೂ ಒಬ್ಬರ ಕಣ್ಣನ್ನೊಬ್ಬರು ತಪ್ಪಿಸಿಕೊಂಡು ಓಡಾಡಿದರು. ಎದುರಾದರೆ ನಗು ತಡೆಯುವುದು ಕಷ್ಟವಿತ್ತು.

ಒಮ್ಮೆ ಅವನು ಎಲ್ಲಿಂದಲೋ ಒಂದು ಔಷಧಿಯಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರುಗಳನ್ನು ತಂದ. ಹುಟ್ಟಿನಿಂದ ಬಂದ ಗುಣಕ್ಕೆ ತಕ್ಕಂತೆ ಅದು ಕೆಲವರ ನಾಲಿಗೆಗೆ ವಿಪರೀತ ಕಹಿ, ಕೆಲವರಿಗೆ ಬರೀ ಕಾಗದ. ಹುಡುಗರಿಗೆ ಹಂಚುವ ಮೊದಲು ಲ್ಯಾಬಿನಲ್ಲಿ ಇಬ್ಬರೂ ಒಂದೊಂದು ಬಾಯಿಗಿಟ್ಟುಕೊಂಡರು. ಕಮಲಾಕ್ಷಿಯ ಮುಖ ಸೊಟ್ಟಗಾಯಿತು. ಅವಳು ನಲ್ಲಿಯ ಕಡೆ ಓಡಿದಳು.

ಅವನು ಅಗಿಯುತ್ತಲೇ ಇದ್ದ. "ನನಗೇನೂ ಅನ್ನಿಸ್ತಾ ಇಲ್ಲವಲ್ಲ."

"ಕಹೀನೇ ಗೊತ್ತಾಗದೇ ಇರೋರು ಇರ್ತಾರಾ?" ಬಾಯಿ ಒರೆಸಿಕೊಳ್ಳುತ್ತ ಅವಳು ಕೇಳಿದಳು.

"ಇದೀನಲ್ಲ, ನೋಡ್ಕೊಳ್ಳಿ."

ನೋಡಿಕೊಳ್ಳಿ ಎಂದದ್ದಕ್ಕೆ ಅವಳು ನಿಜವಾಗಿ ನೋಡಿದಳು. ಬಿಸಿಲಿಗೆ ಕಂದಿದ ಮುಖ, ಒಂದು ಹುಬ್ಬಿನ ತುದಿಯಲ್ಲಿ ಹಳೆಯ ಗಾಯದ ಗೆರೆ. ಅವನು ನೋಡಿಸಿಕೊಂಡು ನಿಂತ. ಮೊದಲು ಕಣ್ಣು ಇಳಿಸಿದವನು ಅವನೇ.

ನವೆಂಬರಿನ ಹೊತ್ತಿಗೆ ಅವರಿಬ್ಬರೂ ಸೇರಿ ಒಂದು ಸಣ್ಣ ಪುಸ್ತಕ ಬರೆಯತೊಡಗಿದ್ದರು. ಮನುಷ್ಯರಲ್ಲಿ ತಲೆಮಾರಿನಿಂದ ತಲೆಮಾರಿಗೆ ಏನು ಹೇಗೆ ಬರುತ್ತದೆ ಎಂಬುದನ್ನು ಕಾಲೇಜಿನ ಹುಡುಗರಿಗೆ ತಿಳಿಯುವಂತೆ ಹೇಳುವ ಕನ್ನಡ ಪುಸ್ತಕ. 'ನೀವು ಯಾರ ಹಾಗೆ?' ಎಂದು ಅದಕ್ಕೆ ಹೆಸರಿಟ್ಟದ್ದು ಕಮಲಾಕ್ಷಿ.

"ಇಂಗ್ಲಿಷಲ್ಲಿ ಓದಿದ್ರೆ ಪಾಸಾಗ್ತಾರೆ" ಎನ್ನುತ್ತಿದ್ದ ಕೆಂಪಯ್ಯ. "ಕನ್ನಡದಲ್ಲಿ ಓದಿದ್ರೆ ಮನೆಗೆ ಹೋಗಿ ಹೇಳ್ತಾರೆ."

ಸಂಜೆ ನಾಲ್ಕರಿಂದ ಐದರವರೆಗೆ ಅವನು ಬರೆದದ್ದನ್ನು ಅವಳು ತಿದ್ದುತ್ತಿದ್ದಳು, ಚಿತ್ರ ಹಾಕುತ್ತಿದ್ದಳು. ಮೊದಲ ನಕ್ಷೆಗೆ ಅವನು ತನ್ನ ಮನೆಯನ್ನೇ ಬರೆದುಕೊಟ್ಟ. ತಾಯಿ ಬೋರಮ್ಮನ ವೃತ್ತದ ಕೆಳಗೆ ಆರು ಮಕ್ಕಳು, ಅದರಲ್ಲಿ ಐದರ ಮೇಲೆ ಅಡ್ಡಗೆರೆ.

"ಇದು ಯಾವ ಕಾಯಿಲೆ?" ಕಮಲಾಕ್ಷಿ ಮೆಲ್ಲಗೆ ಕೇಳಿದಳು.

"ಒಂದು ಪ್ಲೇಗು, ಎರಡು ಕಾಲರಾ, ಇನ್ನೆರಡು ಏನು ಅಂತಾನೇ ಗೊತ್ತಿಲ್ಲ. ಇದಕ್ಕೆಲ್ಲ ವಂಶ ಕಾರಣ ಅಲ್ಲ ಬಿಡಿ. ನಾನೊಬ್ಬ ಉಳ್ಕೊಂಡೆ. ಅದಕ್ಕೇ ನಮ್ಮವ್ವ ನಾನು ಸೀನಿದ್ರೂ ಎದ್ದು ಕೂರ್ತಾಳೆ."

ಮರುದಿನ ಅವನು ಟವೆಲ್ಲಿನಲ್ಲಿ ಕಟ್ಟಿದ ಒಂದು ಗಂಟು ತಂದಿಟ್ಟ. ಸೊಗಡಿನ ಅವರೆಕಾಯಿ. "ಬಳೆ ಕೊಟ್ಟ ಟೀಚರಮ್ಮನಿಗೆ ಕೊಡು ಅಂದ್ಲು."

"ಬಳೆ ವಿಷಯ ಮನೇಲೂ ಹೇಳಿದೀರಾ?"

"ನನಗೆ ಹೇಳೋಕೆ ಅಂತ ಇನ್ಯಾವ ವಿಷಯ ಇದೆ?" ಎಂದುಬಿಟ್ಟು ಅವನು ಕಿವಿಯವರೆಗೂ ಕೆಂಪಾದ.

ಜನವರಿಯಲ್ಲಿ ಒಂದು ದಿನ ಅವನು ಲೈಬ್ರರಿಯಿಂದ ಓಡಿಯೇ ಬಂದ. ಮನುಷ್ಯನ ಜೀವಕೋಶದಲ್ಲಿ ನಲವತ್ತೆಂಟು ಕ್ರೋಮೊಸೋಮ್ ಎಂದು ಲೋಕವೆಲ್ಲ ಮೂವತ್ತು ವರ್ಷದಿಂದ ಪಾಠ ಹೇಳುತ್ತಿತ್ತು. ಈಗ ಸ್ವೀಡನ್ನಿನಲ್ಲಿ ಯಾರೋ ಸರಿಯಾಗಿ ಎಣಿಸಿ ನೋಡಿದರೆ ನಲವತ್ತಾರೇ ಅಂತೆ.

"ಮೊನ್ನೆ ತಾನೇ ನಲವತ್ತೆಂಟು ಅಂತ ಹುಡುಗರ ಕೈಲಿ ಬರೆಸಿದೀನಿ. ನಾಳೆ ಹೋಗಿ ತಪ್ಪಾಯ್ತು ಅನ್ಬೇಕು" ಎಂದ. ತಪ್ಪು ಒಪ್ಪಿಕೊಳ್ಳುವುದಕ್ಕೆ ಇಷ್ಟು ಖುಷಿಪಡುವ ಮನುಷ್ಯನನ್ನು ಅವಳು ನೋಡಿರಲಿಲ್ಲ. ಇವನಿಲ್ಲದ ಲ್ಯಾಬು ಹೇಗಿತ್ತೆಂದು ನೆನಪಿಸಿಕೊಳ್ಳಲು ಹೋದಳು. ಆರು ತಿಂಗಳ ಹಿಂದಿನದು ಯಾವುದೂ ನೆನಪಿಗೆ ಬರಲಿಲ್ಲ.

ಫೆಬ್ರವರಿಗೆ ರಕ್ತ ಹೆಪ್ಪುಗಟ್ಟದ ಕಾಯಿಲೆಯ ಪಾಠ ಬಂತು. ಹೆಣ್ಣಿನಲ್ಲಿ ಅದು ಮರೆಯಾಗಿರುತ್ತದೆ. ಅವಳಿಗೇನೂ ಆಗುವುದಿಲ್ಲ. ಆದರೆ ಅವಳ ಗಂಡುಮಕ್ಕಳಲ್ಲಿ ಪ್ರತಿಯೊಬ್ಬನಿಗೂ ಬರುವ ಸಾಧ್ಯತೆ ಎರಡರಲ್ಲಿ ಒಂದು ಪಾಲು. ಹೆಣ್ಣುಮಕ್ಕಳಿಗೆ ಅದೇ ಲೆಕ್ಕದಲ್ಲಿ ಮರೆಯಾಗಿ ದಾಟುತ್ತದೆ. ಅಂಥ ಹೆಣ್ಣನ್ನು ಕನ್ನಡದಲ್ಲಿ ಏನೆಂದು ಕರೆಯಬೇಕೆಂದು ಕೆಂಪಯ್ಯ ಪೆನ್ಸಿಲ್ ಕಚ್ಚುತ್ತ ಕೂತಿದ್ದ.

"ಹೊರುವವಳು?"

"ಗಾರೆ ಕೆಲಸದೋಳ ಹಾಗಾಯ್ತು" ಎಂದಳು ಕಮಲಾಕ್ಷಿ. ಆಮೇಲೆ ಹೇಳಿದಳು: "ವಾಹಕಿ ಅಂತ ಬರೀರಿ."

ಅವನು ಬರೆದುಕೊಂಡ. ಅವಳ ದನಿ ಬದಲಾದದ್ದು ಅವನಿಗೆ ತಿಳಿಯಲಿಲ್ಲ.

"ಈ ಯೂರೋಪಿನ ರಾಜರಾಣಿಯರ ನಕ್ಷೆ ಹಾಕಿದ್ರೆ ಹುಡುಗರಿಗೆ ಹೆಸರೇ ಹೇಳೋಕೆ ಬರೋಲ್ಲ. ಅದು ಅವರ ಮನೆ ಕಾಯಿಲೆ, ನಮಗೇನು ಅಂತಾರೆ. ನಮ್ಮ ಕಡೇದೇ ಒಂದು ಮನೆ ಸಿಕ್ಕಿದ್ರೆ..." ಎಂದು ಅವನು ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದ.

ಕಮಲಾಕ್ಷಿಗೆ ಗೊತ್ತಿದ್ದ ಮನೆ ಒಂದಿತ್ತು.

ಶಾಂತವ್ವನ ತಮ್ಮ ಗುರುಬಸಪ್ಪ ಹದಿನಾರನೆಯ ವಯಸ್ಸಿನಲ್ಲಿ ಗಾಡಿಯಿಂದ ಜಾರಿ ಬಿದ್ದ. ಗಾಯ ಅಂಗೈಯಗಲವೂ ಇರಲಿಲ್ಲ, ಆದರೂ ರಕ್ತ ನಿಲ್ಲದೆ ಸತ್ತ. ಅವನ ಹೆಸರನ್ನೇ ಶಾಂತವ್ವ ತನ್ನ ಮಗನಿಗಿಟ್ಟಳು. ಆ ಮಗುವಿಗೆ ಎಲ್ಲಿ ತಾಗಿದರೂ ನೀಲಿಗಟ್ಟುತ್ತಿತ್ತು, ಮಂಡಿಗಳು ಬಾತುಕೊಳ್ಳುತ್ತಿದ್ದವು. ಒಂಬತ್ತನೆಯ ವರ್ಷದಲ್ಲಿ ಅವನಿಗೊಂದು ಹಲ್ಲು ಬಿತ್ತು. ಆರು ದಿನ ರಕ್ತ ಸೋರಿತು. ಹನ್ನೆರಡು ವರ್ಷದ ಕಮಲಾಕ್ಷಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಲ್ಲಿನ ಸಂದಿಗೆ ಬಟ್ಟೆ ಒತ್ತಿ ಹಿಡಿದಿದ್ದಳು. ಕೊನೆಯ ದಿನ ಅವನು, "ಅಕ್ಕಾ, ಸಾಕು, ನಿನ್ ಕೈ ನೋಯ್ತದೆ" ಎಂದಿದ್ದ.

ಜ್ವರದಿಂದ ಹೋದ ಎಂದು ಶಾಂತವ್ವ ಊರಿಗೆಲ್ಲ ಹೇಳಿದಳು. ಎರಡು ಹೆಣ್ಣುಮಕ್ಕಳಿರುವ ಮನೆಯಲ್ಲಿ ಬೇರೆ ಏನು ಹೇಳಿದರೂ ಅವರು ಉಳಿದುಹೋಗುತ್ತಾರೆಂಬ ಭಯ. ಆಗ ಐದು ವರ್ಷದವಳಾಗಿದ್ದ ಕಲ್ಯಾಣಿಗೆ ಕೂಡ ಇವತ್ತಿಗೂ ಗೊತ್ತಿದ್ದುದು ಜ್ವರವೇ. ಕಮಲಾಕ್ಷಿ ಪ್ರಾಣಿಶಾಸ್ತ್ರ ಓದಲು ಸೇರಿದ್ದೇ ಆ ಆರು ದಿನಗಳ ಅರ್ಥ ಹುಡುಕಿಕೊಂಡು. ಅರ್ಥ ಸಿಕ್ಕಿತ್ತು. ಅದರ ಜೊತೆಗೆ ತನ್ನ ಪಾಲಿನ ಲೆಕ್ಕವೂ ಸಿಕ್ಕಿತ್ತು.

ಮರುದಿನ ಅವಳು ಒಂದು ನಕ್ಷೆ ಬರೆದು ಅವನ ಮುಂದಿಟ್ಟಳು. ಗಾಡಿ, ಹಲ್ಲು, ಆರು ದಿನ ಎಲ್ಲವನ್ನೂ ಪಕ್ಕದಲ್ಲಿ ಬರೆದಿದ್ದಳು. ಹೆಸರು ಮಾತ್ರ ಇರಲಿಲ್ಲ. ಕೆಳಗಿನ ಸಾಲಿನಲ್ಲಿ ಕಪ್ಪು ತುಂಬಿದ ಒಂದು ಚೌಕ, ಅದರ ಎರಡು ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದ ಎರಡು ವೃತ್ತ.

"ಯಾರ ಮನೆ ಇದು?"

"ನನಗೆ ಗೊತ್ತಿರೋರದು. ಹೆಸರು ಬೇಡ."

ಅಂಥ ಪಾಠ ಆ ಕಾಲೇಜಿನಲ್ಲಿ ಅದಕ್ಕೆ ಮೊದಲು ನಡೆದಿರಲಿಲ್ಲ. ಕೆಂಪಯ್ಯ ನೆಲದ ಮೇಲೆ ಬೆಂಕಿಪೊಟ್ಟಣ, ಬಳೆ ಜೋಡಿಸಿ ಆ ಹುಡುಗನ ಆರು ದಿನಗಳನ್ನು ಒಂದೊಂದಾಗಿ ಹೇಳಿದ. ಬೆಂಚುಗಳು ಖಾಲಿಯಾಗಿ ಎಲ್ಲರೂ ಸುತ್ತ ಬಂದು ಕೂತರು. ಕೊನೆಗೆ ದಾವಣಗೆರೆ ಕಡೆಯ ಶಂಭುಲಿಂಗಪ್ಪ ಎಂಬ ವಿದ್ಯಾರ್ಥಿ ಎದ್ದು ನಿಂತ.

"ಸಾರ್, ಆ ಎರಡು ಹುಡುಗೀರನ್ನ ಮದುವೆ ಆಗಬಹುದಾ?"

ಕೆಂಪಯ್ಯ ಎರಡು ಬಳೆಗಳನ್ನೂ ನೋಡಿದ. "ವಾಹಕಿ ಆಗಿರಬಹುದು, ಆಗಿಲ್ಲದೇನೂ ಇರಬಹುದು. ಹೊರಗಿಂದ ನೋಡಿದ್ರೆ ಗೊತ್ತಾಗೋಲ್ಲ, ತಿಳ್ಕೊಳ್ಳೋಕೆ ಪರೀಕ್ಷೇನೂ ಇಲ್ಲ. ಆದ್ರೆ ನನ್ನ ತಮ್ಮ ಬಂದು ಕೇಳಿದ್ರೆ, ಬೇಡ ಕಣೋ ಅಂತೀನಿ."

ಹುಡುಗರು ನಕ್ಕರು. ಹಿಂದಿನ ಗೋಡೆಯ ಹತ್ತಿರ ಕಮಲಾಕ್ಷಿ ತಟ್ಟೆಯಲ್ಲಿದ್ದ ಗಾಜಿನ ಸ್ಲೈಡುಗಳನ್ನು ಎಣಿಸುತ್ತಿದ್ದಳು. ಹತ್ತರವರೆಗೆ ಎಣಿಸಿ ಮತ್ತೆ ಒಂದರಿಂದ ಶುರುಮಾಡಿದಳು.

ಮರುದಿನ ಶನಿವಾರ, ಅರ್ಧ ದಿನದ ಕಾಲೇಜು. ಕೆರೆ ಏರಿಯ ಮೇಲೆ ಅವಳು ಮನೆಗೆ ನಡೆಯುತ್ತಿದ್ದಾಗ ಅವನು ಸೈಕಲ್ ತಳ್ಳಿಕೊಂಡು ಜೊತೆಯಾದ.

"ನಾನು ನಿಮ್ಮನ್ನ ಒಂದು ಮಾತು ಕೇಳಬೇಕು. ಜಾತಿ ಬೇರೆ ಅಂತ ಗೊತ್ತು. ನಿಮ್ಮ ತಾಯಿಯೋರ ಹತ್ತಿರ ನಾನೇ ಬಂದು ಕೇಳ್ತೀನಿ, ಅವರು ಬೈದ್ರೆ ಬೈಸ್ಕೋತೀನಿ. ನಮ್ಮವ್ವನಿಗೆ ಆಗಲೇ ಹೇಳಿದೀನಿ. ಆದ್ರೆ ಮೊದಲು ನೀವು ಹ್ಞೂಂ ಅನ್ಬೇಕು."

ಕಮಲಾಕ್ಷಿ ನಿಂತಳು. ಏಳು ತಿಂಗಳಿಂದ ಈ ಮಾತು ಬರಲೆಂದೂ ಬರಬಾರದೆಂದೂ ಕಾದಿದ್ದಳು.

"ನಿಮ್ಮ ತಮ್ಮ ಕೇಳಿದ್ರೆ ಬೇಡ ಅಂತಿದ್ರಲ್ಲ" ಎಂದಳು.

"ನನಗೆ ತಮ್ಮ ಎಲ್ಲಿದಾನೆ?"

ಅವಳು ಅವನನ್ನೇ ನೋಡಿದಳು. ಅವನು ನಗುತ್ತಿದ್ದವನು ನಿಧಾನವಾಗಿ ನಗು ನಿಲ್ಲಿಸಿದ. ಸೈಕಲ್ಲನ್ನು ಸ್ಟ್ಯಾಂಡ್ ಹಾಕಲು ಹೋದ, ಅದು ಏರಿಯ ಇಳಿಜಾರಿಗೆ ಬಿತ್ತು. ಅದನ್ನು ಎತ್ತುವುದು ಅವನಿಗೆ ತೋಚಲಿಲ್ಲ.

"ಆ ಹುಡುಗ..."

"ನನ್ನ ತಮ್ಮ. ಬಟ್ಟೆ ಹಿಡಿದಿದ್ದೋಳು ನಾನು."

"ನಾನು ಎಂಥ ಮಾತಾಡಿದೆ" ಎಂದ ಕೆಂಪಯ್ಯ. ಮತ್ತೆ ಅದನ್ನೇ ಹೇಳಿದ. ಅವಳು ಸೆರಗು ಹೊದ್ದುಕೊಂಡು ನಡೆದಳು. ಹಿಂದಿನಿಂದ ಅವನು, "ನನ್ನ ಮಾತು ಬದಲಾಗೋಲ್ಲ, ಕಮಲಾಕ್ಷಿ. ನಾನು ಕೇಳಿದ್ದು ಕೇಳಿದ್ದೇ" ಎನ್ನುವುದು ಕೇಳಿಸಿತು. ಬರೀ ಹೆಸರು ಹಿಡಿದು ಅವಳನ್ನು ಅವನು ಕರೆದದ್ದು ಅದೇ ಮೊದಲು.

ಕಲ್ಯಾಣಿಗೆ ತುಮಕೂರಿನ ಕಡೆಯ ಒಂದು ಸಂಬಂಧ ಗೊತ್ತಾಗಿತ್ತು. ಏಪ್ರಿಲಿನಲ್ಲಿ ಲಗ್ನ. ಆ ಪಾಠವಾಗಿ ಹತ್ತು ದಿನಕ್ಕೆ ಗಂಡಿನ ಚಿಕ್ಕಮ್ಮ ಮನೆಗೆ ಬಂದು, ಕಾಫಿಯನ್ನೂ ಮುಟ್ಟದೆ ಕೂತು ಹೇಳಿದಳು. "ನಿಮ್ಮ ಮನೆ ಗಂಡುಮಕ್ಕಳಿಗೆ ರಕ್ತ ನಿಲ್ಲೋದಿಲ್ವಂತೆ. ನಿಮ್ಮ ತಮ್ಮ ಗುರುಬಸಪ್ಪನೂ ಹಂಗೇ ಹೋದ್ನಂತೆ, ನಿಮ್ಮ ಮಗನೂ ಹಂಗೇ ಅಂತೆ. ಕಾಲೇಜಲ್ಲಿ ಪಾಠ ಮಾಡ್ತಾರಂತೆ. ಇದನ್ನ ಮುಚ್ಚಿಟ್ಟು ನಮಗೆ ಹೆಣ್ಣು ಕೊಡಾಕೆ ಬಂದಿದ್ರಾ?"

ಆಕೆ ಹೋದ ಮೇಲೆ ಶಾಂತವ್ವ ಬಾಗಿಲು ಹಾಕಿ, ಬಾಗಿಲಿಗೇ ಒರಗಿ ಕುಸಿದು ಕೂತಳು.

"ಹದಿಮೂರು ವರ್ಷ ಬಾಯಿ ಹೊಲ್ಕೊಂಡಿದ್ದೆ ನಾನು. ನನ್ನ ಕೂಸು ಸತ್ತದ್ದಕ್ಕ ನಾಕು ಮಂದಿ ಮುಂದ ನೆಟ್ಟಗ ಅಳಲಿಲ್ಲ. ನೀನು ಅದನ್ನ ಒಯ್ದು ಬೋರ್ಡಿನ ಮ್ಯಾಲ ಬರದ್ಯಾ?"

ಹೆಸರಿಲ್ಲದಿದ್ದರೆ ಯಾರಿಗೂ ಗೊತ್ತಾಗದು ಎಂದು ಕಮಲಾಕ್ಷಿ ಅಂದುಕೊಂಡಿದ್ದಳು. ಮರುದಿನ ಶಂಭುಲಿಂಗಪ್ಪ ಲ್ಯಾಬಿನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಪಾಠ ಅವನ ಮನಸ್ಸಿಗೆ ಹತ್ತಿತ್ತು. ರಜೆಗೆ ಊರಿಗೆ ಹೋದಾಗ ಊಟಕ್ಕೆ ಕೂತು ಅಜ್ಜಿಗೆ ಎಲ್ಲ ಹೇಳಿದ್ದ. ಗಾಡಿ, ಹಲ್ಲು ಎನ್ನುತ್ತಿದ್ದ ಹಾಗೇ ಅಜ್ಜಿ, "ಅಯ್ಯೋ, ಅದು ಶಾಂತವ್ವನ ಮನೆ ಅಲ್ಲೇನೋ" ಎಂದಿದ್ದಳು. ಅಲ್ಲಿಂದ ಮಾತು ಬಾಯಿಂದ ಬಾಯಿಗೆ ಹೋಗಿ ಗಂಡಿನ ಕಡೆಯವರನ್ನು ಮುಟ್ಟಿತ್ತು.

"ನಿಮ್ಮ ಮನೆ ಅಂತ ನಂಗೊತ್ತಿರಲಿಲ್ಲ ಮಿಸ್" ಎಂದ ಅವನು, ಅಳುವಂತಾಗಿ.

"ಪಾಠ ಚೆನ್ನಾಗಿ ಕೇಳಿದೀಯಪ್ಪ. ಅದರಲ್ಲಿ ನಿನ್ನ ತಪ್ಪೇನಿಲ್ಲ" ಎಂದಳು ಕಮಲಾಕ್ಷಿ.

ಮನೆಯಲ್ಲಿ ಅಕ್ಕ ಬಳೆಯ ಪಾಠವನ್ನೆಲ್ಲ ಹೇಳಿದ ಮೇಲೆ ಕಲ್ಯಾಣಿ ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲ. ನಾಲ್ಕನೆಯ ದಿನ ಬಟ್ಟೆ ಒಣಹಾಕುತ್ತಿದ್ದ ಅಕ್ಕನ ಹತ್ತಿರ ಬಂದು ಬಕೆಟ್ಟಿನಿಂದ ಒಂದು ಸೀರೆ ಎತ್ತಿಕೊಂಡಳು. ಇಬ್ಬರೂ ಎರಡು ತುದಿ ಹಿಡಿದು ಹಿಂಡಿದರು.

"ಅವರು ಬೇಡ ಅಂದಿದ್ದಕ್ಕೆ ನನಗೆ ಅಷ್ಟು ದುಃಖ ಇಲ್ಲ ಅಕ್ಕಾ. ನೀನು ಯಾರಿಗೋ ಅರವತ್ತು ಜನಕ್ಕೆ ಹೇಳಿದೆ. ನನಗೆ ಯಾಕೆ ಹೇಳಲಿಲ್ಲ? ನಾನೂ ಅದರಲ್ಲಿ ಒಂದು ಬಳೆ ಅಲ್ವಾ?"

ಕಮಲಾಕ್ಷಿಯ ಕೈಯಿಂದ ಸೀರೆಯ ತುದಿ ಜಾರಿತು.

"ಏನೂ ಗೊತ್ತಿಲ್ಲದೆ ಹೋಗಿ ಒಂದು ಗಂಡು ಹೆತ್ತು, ಅದಕ್ಕೆ ಹಲ್ಲು ಬಿದ್ದ ದಿನ ನಾನು ತಿಳ್ಕೋಬೇಕಿತ್ತಾ?" ಎಂದಳು ಕಲ್ಯಾಣಿ. ಆಮೇಲೆ ಅವಳೇ ಅಕ್ಕನನ್ನು ತಬ್ಬಿಕೊಂಡು ಅತ್ತಳು. ಒಬ್ಬಳಿಗೆ ತಮ್ಮ, ಇನ್ನೊಬ್ಬಳಿಗೆ ಅಣ್ಣನಾಗಿದ್ದ ಆ ಒಬ್ಬ ಗುರುಬಸಪ್ಪನಿಗಾಗಿ ಆ ಮನೆಯಲ್ಲಿ ಮೂವರೂ ಸೇರಿ ಬಾಯಿಬಿಟ್ಟು ಅತ್ತದ್ದು ಆ ದಿನ.

ಕೆಂಪಯ್ಯನಿಗೆ ಈ ವಿಷಯ ತಿಳಿದದ್ದು ಶಂಭುಲಿಂಗಪ್ಪನಿಂದ. ಸೋಮವಾರ ಅವನು ತರಗತಿಗೆ ಬರಿಗೈಯಲ್ಲಿ ಬಂದ. ಕುರ್ಚಿಯಲ್ಲಿ ಕೂರಲಿಲ್ಲ.

"ನಲವತ್ತೆಂಟಲ್ಲ, ನಲವತ್ತಾರು ಅಂತ ತಿದ್ದಿಸಿದೆ, ನೆನಪಿದೆಯಾ? ಇವತ್ತು ಇನ್ನೊಂದು ತಿದ್ದಬೇಕು. ಹೋದ ತಿಂಗಳು ಇಲ್ಲಿ ಎರಡು ಹೆಣ್ಣುಮಕ್ಕಳ ಮದುವೆ ವಿಷಯ ಒಂದು ಪ್ರಶ್ನೆ ಬಂತು. ನಾನು ಉತ್ತರ ಕೊಟ್ಟೆ. ಆ ಉತ್ತರ ಕೊಡೋಕೆ ನಾನ್ಯಾರು? ಲೆಕ್ಕ ಹೇಳೋದು ನನ್ನ ಕೆಲಸ. ಎರಡರಲ್ಲಿ ಒಂದು ಪಾಲು, ಅಷ್ಟು ಹೇಳಿ ನಿಲ್ಲಿಸಬೇಕಿತ್ತು. ಬಳೆ ಅಂತ ನೋಡಿದೆ, ಮನುಷ್ಯರು ಅಂತ ನೋಡಲಿಲ್ಲ. ನಿಮ್ಮ ಮನೇಲಿ, ನಮ್ಮ ಮನೇಲಿ, ಎಲ್ಲರ ಮನೇಲೂ ಕಾಣದೇ ಇರೋದು ಏನೋ ಒಂದು ಹರೀತಾ ಇರುತ್ತೆ. ಯಾರದೋ ಒಬ್ಬರದು ಗೊತ್ತಾಗಿಬಿಡುತ್ತೆ, ಅಷ್ಟೇ ವ್ಯತ್ಯಾಸ. ಇದನ್ನೂ ಮನೆಗೆ ಹೋಗಿ ಹೇಳಿ."

ಅವನು ಗೋಡೆಯ ಕಡೆ ನೋಡಲಿಲ್ಲ. ನೋಡಿದರೆ ಎಲ್ಲರಿಗೂ ತಿಳಿಯುತ್ತದೆಂದು ಕಣ್ಣನ್ನು ಮುಂದಿನ ಬೆಂಚಿನ ಮೇಲೇ ನೆಟ್ಟಿದ್ದ. ಆ ನೋಡದಿರುವಿಕೆಯಲ್ಲಿ ಎಷ್ಟಿತ್ತೆಂದು ಕಮಲಾಕ್ಷಿಗೆ ಗೊತ್ತಾಯಿತು.

ಪರೀಕ್ಷೆಗಳು ಮುಗಿದ ದಿನ ಅವನು ಪುಸ್ತಕದ ಹಸ್ತಪ್ರತಿಯನ್ನು ಲ್ಯಾಬಿಗೆ ತಂದ. ನಕ್ಷೆಯಿದ್ದ ಹಾಳೆಯನ್ನು ತೆಗೆದುಬಿಟ್ಟಿದ್ದ.

"ಅದು ಇರಲಿ" ಎಂದಳು ಕಮಲಾಕ್ಷಿ. "ಗಾಡಿ, ಹಲ್ಲು ಎಲ್ಲ ತೆಗೀರಿ. ಊರು ಗುರುತು ಸಿಗಬಾರದು. ಆದ್ರೆ ನಕ್ಷೆ ಇರಲಿ. ಕಲ್ಯಾಣಿ ಅಂಥೋಳು ಯಾರಾದ್ರೂ ಓದ್ತಾಳೆ."

ಅವನು ತಲೆಯಾಡಿಸಿದ. ಸ್ವಲ್ಪ ಹೊತ್ತು ಹಾಳೆಗಳ ಅಂಚು ಸರಿಮಾಡುತ್ತ ನಿಂತ.

"ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ."

"ಕೂತ್ಕೊಳ್ಳಿ" ಎಂದಳು ಅವಳು. ತಾನು ನಿಂತೇ ಇದ್ದಳು. "ಪೂರ್ತಿ ಕೇಳಿ, ನಡುವೆ ಮಾತಾಡಬೇಡಿ. ನೀವು ಬೇಡ ಅಂತ ನಾನು ಹೇಳ್ತಾ ಇಲ್ಲ. ನಿಮ್ಮ ಸೈಕಲ್ ಗಂಟೆ ಕೇಳಿಸದ ದಿನ ನನಗೆ ಇಲ್ಲಿ ಗಾಳಿಯೇ ಇಲ್ಲ ಅನ್ಸುತ್ತೆ. ಮಕ್ಕಳು ಬೇಡ ಅಂತ ಇವತ್ತು ನಾವಿಬ್ಬರೂ ಒಪ್ಪಬಹುದು. ನಾಲ್ಕು ವರ್ಷ ಆದ ಮೇಲೆ, ನಿಮ್ಮ ಮುಖ ನೋಡ್ತಾ ನೋಡ್ತಾ, ನಿಮ್ಮ ಹಾಗೇ ಇರೋದು ಒಂದು ನನಗೆ ಬೇಕು ಅನ್ಸುತ್ತೆ. ಅನ್ಸೇ ಅನ್ಸುತ್ತೆ, ನನ್ನನ್ನ ನಾನು ಬಲ್ಲೆ. ಎರಡರಲ್ಲಿ ಒಂದು ಪಾಲು ಏನೂ ಆಗೋಲ್ಲ ಅಂದ್ಕೊಂಡು ಹೆತ್ತುಬಿಡ್ತೀನಿ. ಆಮೇಲೆ ಅದು ಅಂಬೆಗಾಲಿಟ್ಟು ಮಂಡಿ ತರಚ್ಕೊಂಡ ದಿನ... ಆರು ದಿನ ಹಿಡ್ಕೊಂಡಿದ್ದೆ ನಾನು, ಕೆಂಪಯ್ಯನವರೇ. ಇನ್ನೊಂದು ಸಲ ನನ್ನ ಕೈಲಾಗೋಲ್ಲ."

"ಗಂಡಸರಿಗೆ ಒಂದು ಸಣ್ಣ ಆಪರೇಷನ್ ಇದೆ" ಎಂದ ಕೆಂಪಯ್ಯ. "ನಾನು ಮಾಡಿಸ್ಕೋತೀನಿ. ಆಮೇಲೆ ನಿಮಗೆ ಆಸೆ ಬಂದ್ರೂ ಏನೂ ಆಗೋಲ್ಲ."

"ಆರು ಹೆತ್ತು ಒಂದನ್ನ ಉಳಿಸ್ಕೊಂಡಿರೋ ನಿಮ್ಮವ್ವನಿಗೆ ಅದನ್ನ ಯಾರು ಹೇಳೋದು? ನೀವು ಹೇಳ್ತೀರಾ, ನಾನು ಹೇಳ್ಲಾ?"

ಅವನು ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಮೇಜಿನ ಮೇಲೆ ಬಾಗಿದ. ಕಮಲಾಕ್ಷಿ ಅವನ ತಲೆಯ ಮೇಲೆ ಕೈಯಿಟ್ಟಳು. ಮೊದಲ ಸಲ ಅವನನ್ನು ಮುಟ್ಟಿದ್ದು ಹಾಗೆ. ಕಾಲೇಜಿನ ಜವಾನ ಗಂಟೆ ಹೊಡೆಯುವವರೆಗೂ ಆ ಕೈಯನ್ನು ಅವಳು ತೆಗೆಯಲಿಲ್ಲ.

"ನೀನು ತಪ್ಪು ಮಾಡ್ತಾ ಇದೀಯಾ ಅಕ್ಕಾ" ಎಂದು ಕಲ್ಯಾಣಿ ಆ ಸಂಜೆ ಹೇಳಿದಳು. ಇರಬಹುದು ಎಂದಳು ಕಮಲಾಕ್ಷಿ.

ಕೆಂಪಯ್ಯ ಶಿವಮೊಗ್ಗೆಗೆ ವರ್ಗ ಕೇಳಿಕೊಂಡ. ಮೇ ತಿಂಗಳ ಒಂದು ಬೆಳಿಗ್ಗೆ, ಹೊರಡುವ ಮುಂಚೆ, ಮನೆಗೆ ಬಂದ. ಅವನನ್ನು ಕಂಡರೆ ಬಾಗಿಲು ಹಾಕುತ್ತೇನೆಂದಿದ್ದ ಶಾಂತವ್ವ, ಅವನು ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಕೈಮುಗಿದು ನಿಂತದ್ದನ್ನು ನೋಡಿ, "ಒಳಗ ಬಾರಪ್ಪ, ಉಂಡು ಹೋಗು" ಎಂದಳು. ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಸಾಕೆಂದರೂ ಇನ್ನೊಂದು ರೊಟ್ಟಿ ಹಾಕಿ, "ಅಲ್ಲಿ ಯಾರು ಮಾಡಿ ಹಾಕ್ತಾರ ನಿನಗ" ಎಂದು ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಮಲಾಕ್ಷಿ ಗೇಟಿನವರೆಗೆ ಬಂದಳು. ಎದುರಿನ ನಿವೇಶನದಲ್ಲಿ ಯಾರದೋ ಮನೆಗೆ ಪಾಯ ಅಗೆಯುತ್ತಿದ್ದರು.

"ಪುಸ್ತಕದ ಮೇಲೆ ಇಬ್ಬರ ಹೆಸರೂ ಇರುತ್ತೆ. ಅದಕ್ಕೆ ಬೇಡ ಅನ್ಬೇಡಿ" ಎಂದ.

"ಅನ್ನೋಲ್ಲ."

"ಒಂದು ತಮಾಷೆ ನೋಡಿ. ನೀವು ನನ್ನನ್ನ ಮದುವೆ ಆಗಿದ್ರೆ, ನಮ್ಮ ಕಡೆ ಹೆಂಗಸರ ಹಾಗೆ, ಜನ್ಮದಲ್ಲಿ ನನ್ನ ಹೆಸರು ಹೇಳ್ತಾ ಇರಲಿಲ್ಲ. ಈಗ ಎಷ್ಟು ಸಲ ಬೇಕಾದ್ರೂ ಹೇಳಬಹುದು."

ಅವನು ನಗಲು ನೋಡಿದ. ಅವಳೂ ನೋಡಿದಳು. ಆಗಲಿಲ್ಲ. ಅವನು ಇನ್ನೂ ಏನನ್ನೋ ಕಾಯುತ್ತ ನಿಂತಿದ್ದ. ಹೊರಡುವವರಿಗೆ ಹೋಗಿ ಎಂದಷ್ಟೇ ಹೇಳಿ ನಿಲ್ಲಿಸುವ ಅಭ್ಯಾಸ ಅವಳ ಮನೆಯಲ್ಲಿರಲಿಲ್ಲ. ಅವನು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಹೋಗಿ ಬನ್ನಿ, ಕೆಂಪಯ್ಯ" ಎಂದಳು.

ಅವನು ಹೋದ. ಮಾಗಡಿ ರಸ್ತೆಯ ತಿರುವಿನಲ್ಲಿ ಒಮ್ಮೆ ನಿಂತ, ಆದರೆ ತಿರುಗಿ ನೋಡಲಿಲ್ಲ. ಪಾಯ ಅಗೆಯುವವರು ಹಾರೆ ಬಿಟ್ಟು ಊಟಕ್ಕೆ ಕೂತರು. ಬಿಸಿಲು ನೆತ್ತಿಗೆ ಬಂತು. ಒಳಗಿನಿಂದ ಶಾಂತವ್ವ ಎರಡು ಸಲ ಕರೆದಳು. ಮೂರನೆಯ ಸಲ ಕರೆಯದೆ ತಾನೇ ಹೊರಗೆ ಬಂದು ಮಗಳ ಪಕ್ಕದಲ್ಲಿ ನಿಂತುಕೊಂಡಳು.